ನನ್ನ ಫೋನಿನಲ್ಲಿ ಒಂದೇ ಕಡೆಯ ವಿಡಿಯೊಗಳೇ ಯಾಕೆ ಬರುತ್ತವೆ?

ಪ್ರಶ್ನೆ: ನಾನು ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಸಂಜೆ ಹೊತ್ತು ಫೋನಿನಲ್ಲಿ ಸುದ್ದಿ, ಚರ್ಚೆಗಳ ವಿಡಿಯೊ ನೋಡುವುದು ಅಭ್ಯಾಸ. ಆರು ತಿಂಗಳಿಂದ ಆ್ಯಪ್ ತೆರೆದರೆ ಸಾಕು, ಒಂದೇ ಪಕ್ಷದ ಪರವಾದ ಮಾತು, ಅದೇ ನಾಲ್ಕು ಮುಖ. ನಾನು ಎಲ್ಲ ಕಡೆಯವರನ್ನೂ ಕೇಳುವವನು. ಜೊತೆಗೆ ನಾನು ಸಬ್‌ಸ್ಕ್ರೈಬ್ ಆಗಿದ್ದ ಒಂದು ಸಣ್ಣ ಕನ್ನಡ ಸುದ್ದಿ ಚಾನೆಲ್‌ನ ವಿಡಿಯೊಗಳು ಬರುವುದೇ ನಿಂತಿದೆ. ಅವರ ಹಳೆಯ ವಿಡಿಯೊ ಒಂದನ್ನು ಹುಡುಕಿದರೆ ಸಿಗಲೂ ಇಲ್ಲ. ಕಂಪನಿಯೇ ಪಕ್ಷಪಾತ ಮಾಡುತ್ತಿದೆಯಾ? ಇಲ್ಲ ಸರ್ಕಾರ ಸೆನ್ಸಾರ್ ಮಾಡಿಸುತ್ತಿದೆಯಾ?

ಉತ್ತರ: ಸರ್, ನೀವು ಒಂದೇ ಉಸಿರಿನಲ್ಲಿ ಎರಡು ದೂರು ಹೇಳಿದ್ದೀರಿ. ಬೇಡದ್ದು ಬರುತ್ತಿದೆ ಅನ್ನುವುದು ಒಂದು. ಬೇಕಾದದ್ದು ಬರುತ್ತಿಲ್ಲ ಅನ್ನುವುದು ಇನ್ನೊಂದು. ಎರಡಕ್ಕೂ ಒಬ್ಬನೇ ಕಳ್ಳ ಅಂತ ನಮಗೆ ಅನಿಸುತ್ತದೆ. ಸಾಮಾನ್ಯವಾಗಿ ಹಾಗಿರುವುದಿಲ್ಲ. ಯಾವ ಆ್ಯಪ್ ಅಂತ ನೀವು ಬರೆದಿಲ್ಲ. ಯೂಟ್ಯೂಬ್ ಬಗ್ಗೆಯೇ ಹೊರಗೆ ಹೆಚ್ಚು ಮಾಹಿತಿ ಇರುವುದರಿಂದ ಅದನ್ನೇ ಇಟ್ಟುಕೊಂಡು ಹೇಳುತ್ತೇನೆ.

ಮೊದಲು ನನ್ನ ಚಿಕ್ಕಮ್ಮನ ಫೋನಿನ ಕಥೆ ಕೇಳಿ. ಹೋದ ವರ್ಷ ಅವರೂ ನಿಮ್ಮ ಹಾಗೇ ಕೇಳಿದ್ದರು. "ನಾನು ನೋಡೋದು ಅಡುಗೆ, ಭಾವಗೀತೆ. ಇದರಲ್ಲಿ ನೋಡಿದ್ರೆ ಬರೀ ಕೂಗಾಟ ಬರುತ್ತೆ" ಅಂತ. ಫೋನ್ ತೆಗೆದುಕೊಂಡು ಹಿಸ್ಟರಿ ನೋಡಿದೆ. ಬೆಳಿಗ್ಗೆ ಎರಡು ಅಡುಗೆ ವಿಡಿಯೊ ಇದ್ದವು. ಆರೇಳು ನಿಮಿಷದವು, ಅವನ್ನೂ ಅರ್ಧಕ್ಕೇ ಬಿಟ್ಟಿದ್ದರು. ಚಿತ್ರದ ಕೆಳಗಿನ ಕೆಂಪು ಗೆರೆ ನಡುವೆಯೇ ನಿಂತಿತ್ತು. ಮಧ್ಯಾಹ್ನ ಎರಡರ ನಂತರ ಮಾತ್ರ ಸಾಲಾಗಿ ಐದು ರಾಜಕೀಯ ಚರ್ಚೆ. ಒಂದೊಂದೂ ಅರ್ಧ ಗಂಟೆಯದು. ಐದಕ್ಕೂ ಕೆಂಪು ಗೆರೆ ಈ ತುದಿಯಿಂದ ಆ ತುದಿಗೆ. ಊಟ ಆದಮೇಲೆ ಸುದ್ದಿ ಹಚ್ಚಿಕೊಂಡು ಮಲಗುವುದು ಚಿಕ್ಕಮ್ಮನ ರೂಢಿ. ಮನೆಯಲ್ಲಿ ವೈಫೈ, ಆ್ಯಪ್‌ನಲ್ಲಿ ಆಟೋಪ್ಲೇ ಆನ್, ಅಂದರೆ ಒಂದು ಮುಗಿದರೆ ಇನ್ನೊಂದು ತಾನಾಗಿಯೇ ಶುರು. ಇವರು ಗೊರಕೆ ಹೊಡೆಯುತ್ತಿದ್ದಾಗ ಇವರ ಹೆಸರಿನಲ್ಲಿ ಫೋನೇ ಎರಡೂವರೆ ಗಂಟೆ ಚರ್ಚೆ ನೋಡಿ ಮುಗಿಸಿತ್ತು.

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಗಿರಾಕಿ ಈ ಯಂತ್ರ. ನೀವು ಒಪ್ಪಿಕೊಂಡು ನೋಡಿದಿರಾ, ಬೈಯುತ್ತಾ ನೋಡಿದಿರಾ, ನಿದ್ದೆಯಲ್ಲಿ ನೋಡಿದಿರಾ ಅನ್ನುವುದು ಅದಕ್ಕೆ ನೇರವಾಗಿ ಗೊತ್ತಾಗುವುದಿಲ್ಲ. ವಿಡಿಯೊ ಎಷ್ಟು ಹೊತ್ತು ಓಡಿತು ಅನ್ನುವುದು ಗೊತ್ತಾಗುತ್ತದೆ.

ಇದು ಮೊದಲಿಂದ ಹೀಗಿರಲಿಲ್ಲ. ಆರಂಭದ ವರ್ಷಗಳಲ್ಲಿ ಯೂಟ್ಯೂಬ್ ಲೆಕ್ಕ ಹಾಕುತ್ತಿದ್ದುದು ಎಷ್ಟು ಜನ ಒತ್ತಿದರು ಅನ್ನುವುದನ್ನು. ಜನ ಏನು ಮಾಡಿದರು ಗೊತ್ತಲ್ಲ, ಚಿತ್ರ ಒಂದು, ಒಳಗಿನ ಸರಕು ಇನ್ನೊಂದು. ಹಾಗಾಗಿ 2012ರಲ್ಲಿ ಲೆಕ್ಕ ಬದಲಾಯಿತು. ಎಷ್ಟು ಸಲ ಒತ್ತಿದರು ಅನ್ನುವ ಬದಲು ಎಷ್ಟು ಹೊತ್ತು ನೋಡಿದರು ಅನ್ನುವುದು ಮುಖ್ಯವಾಯಿತು. 2016ರಲ್ಲಿ ಕಂಪನಿಯ ಮೂವರು ಎಂಜಿನಿಯರ್‌ಗಳು ಇದರ ಒಳಗುಟ್ಟನ್ನು ಒಂದು ಪ್ರಬಂಧದಲ್ಲಿ ಬಿಡಿಸಿಟ್ಟರು. ಕೆಲಸ ಎರಡು ಹಂತದಲ್ಲಿ ನಡೆಯುತ್ತದೆ. ಲಕ್ಷಾಂತರ ವಿಡಿಯೊಗಳ ರಾಶಿಯಿಂದ ನಿಮಗೆ ಹೊಂದಬಹುದಾದ ಕೆಲವು ನೂರನ್ನು ಸೋಸಿ ತೆಗೆಯುವುದು ಮೊದಲ ಹಂತ. ಅವುಗಳಲ್ಲಿ ಯಾವುದನ್ನು ನೀವು ಹೆಚ್ಚು ಹೊತ್ತು ನೋಡಬಹುದು ಅಂತ ಅಂದಾಜು ಮಾಡಿ ಸಾಲಾಗಿ ನಿಲ್ಲಿಸುವುದು ಎರಡನೆಯದು. ಆಮೇಲಿನ ವರ್ಷಗಳಲ್ಲಿ ಲೈಕು, ಶೇರು, "ಈ ವಿಡಿಯೊ ಹೇಗನಿಸಿತು" ಅಂತ ಕೇಳುವ ಸಣ್ಣ ಸಮೀಕ್ಷೆಗಳೂ ಸೇರಿಕೊಂಡವು. ಈ ಸಾಲಿನ ಬಲ ಎಷ್ಟು ಅಂದರೆ, ಜನ ಯೂಟ್ಯೂಬ್‌ನಲ್ಲಿ ಕಳೆಯುವ ಸಮಯದಲ್ಲಿ 70 ಶೇಕಡಕ್ಕೂ ಜಾಸ್ತಿ ಶಿಫಾರಸಿನಿಂದಲೇ ಬರುತ್ತದೆ ಅಂತ 2018ರಲ್ಲಿ ನೀಲ್ ಮೋಹನ್ ಹೇಳಿದ್ದರು. ಆಗ ಅವರು ಅಲ್ಲಿನ ಉತ್ಪನ್ನ ವಿಭಾಗದ ಮುಖ್ಯಸ್ಥ, 2023ರಿಂದ ಸಿಇಒ.

ನಾನೂ ಹಿಂದೆ ಒಂದು ಆನ್‌ಲೈನ್ ಅಂಗಡಿಗೆ ಇಂಥದ್ದೇ ಶಿಫಾರಸಿನ ಸಾಫ್ಟ್‌ವೇರ್ ಬರೆಯುತ್ತಿದ್ದೆ. ಮಳೆಗಾಲದಲ್ಲಿ ಕೊಡೆ ಕೊಂಡವರಿಗೆ ನಮ್ಮ ಸಾಫ್ಟ್‌ವೇರ್ ದೀಪಾವಳಿವರೆಗೂ ಕೊಡೆಯನ್ನೇ ತೋರಿಸುತ್ತಿತ್ತು. ಕೊಡೆ ಕಂಪನಿಯಿಂದ ಎಷ್ಟು ತಿಂದಿದ್ದೀರಿ ಅಂತ ಒಬ್ಬರು ಕೇಳಿ ಬರೆದಿದ್ದರು. ಯಾರೂ ಏನೂ ತಿಂದಿರಲಿಲ್ಲ. ಕೊಡೆ ಕೊಂಡವರಿಗೆ ಇನ್ನೊಂದು ಕೊಡೆ ಬೇಕಿಲ್ಲ ಅನ್ನುವುದನ್ನು ಯಂತ್ರಕ್ಕೆ ಹೇಳಿಕೊಡಲು ನಾವು ಮರೆತಿದ್ದೆವು, ಅಷ್ಟೇ.

ಅಂದರೆ ಪಕ್ಷಪಾತವೇ ಇಲ್ಲ ಅಂತ ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ. ಯಾರೂ ಬೇಕಂತ ಮಾಡದೆಯೂ ತಕ್ಕಡಿ ವಾಲಬಹುದು. ದಿನಕ್ಕೆ ಹದಿನೈದು ವಿಡಿಯೊ ಹಾಕುವ, ಗಂಟೆಗಟ್ಟಲೆ ಜಗಳ ಆಡಿಸುವ ಚಾನೆಲ್ ಒಂದು ಕಡೆ. ವಾರಕ್ಕೊಂದು ಸಲ ಪತ್ರಗಳನ್ನು ಓದಿ, ಊರಿಗೆ ಹೋಗಿ ಬಂದು ಎಂಟು ನಿಮಿಷದ ವರದಿ ಮಾಡುವವರು ಇನ್ನೊಂದು ಕಡೆ. ನೋಡಿದ ಹೊತ್ತಿನ ಲೆಕ್ಕದಲ್ಲಿ ಯಾರು ಗೆಲ್ಲುತ್ತಾರೆ ಅಂತ ನಾನು ಹೇಳಬೇಕಿಲ್ಲ. ಯಾವ ಪಕ್ಷದ ಕಡೆ ಜನ ಜಾಸ್ತಿ, ಕ್ಯಾಮೆರಾ ಜಾಸ್ತಿ, ಸಿಟ್ಟು ಜಾಸ್ತಿ ಇರುತ್ತದೋ ಆ ಪಕ್ಷ ನಿಮ್ಮ ಹೋಮ್ ಪೇಜಿನಲ್ಲೂ ಜಾಸ್ತಿ ಇರುತ್ತದೆ. ಅಂದಹಾಗೆ, ಎಂಜಿನಿಯರ್‌ಗಳ ಮಾತಿನಲ್ಲಿ ಪಕ್ಷಪಾತಕ್ಕೆ ಇನ್ನೊಂದು ಅರ್ಥವೂ ಇದೆ. ಮೇಲೆ ಇಟ್ಟದ್ದನ್ನು ಜನ ಸುಮ್ನೆ ಮೇಲಿದೆ ಅನ್ನುವ ಕಾರಣಕ್ಕೇ ಒತ್ತುತ್ತಾರೆ. ಒತ್ತಿದರು ಅಂತ ಯಂತ್ರ ಅದನ್ನೇ ಮತ್ತೆ ಮೇಲಿಡುತ್ತದೆ. ಈ ಸುತ್ತು ಬಿಡಿಸುವುದಕ್ಕೆ ಯೂಟ್ಯೂಬಿನ ಒಡೆಯರಾದ ಗೂಗಲ್‌ನವರೇ 2019ರಲ್ಲಿ ಇನ್ನೊಂದು ಪ್ರಬಂಧ ಬರೆದರು.

ಈ ಜಗಳ ಮೊದಲು ಜೋರಾದದ್ದು ಅಮೆರಿಕದಲ್ಲಿ. ಮಜಾ ಏನೆಂದರೆ ಅಲ್ಲಿ ಎರಡೂ ಕಡೆಯವರು ಒಂದೇ ಕಂಪನಿಯ ಮೇಲೆ ಒಂದೇ ದೂರು ಹೊತ್ತು ಕೋರ್ಟಿಗೆ ಹೋದರು. ಪ್ರೇಗರ್‌ಯು ಅಂತ ಒಂದು ಸಂಸ್ಥೆ ಇದೆ. ಹೆಸರು ಕೇಳಿದರೆ ವಿಶ್ವವಿದ್ಯಾಲಯ ಅನಿಸುತ್ತದೆ, ಅಲ್ಲ. ಬಲಪಂಥೀಯ ವಿಚಾರಗಳ ಚಿಕ್ಕ ವಿಡಿಯೊ ಮಾಡುತ್ತದೆ. ತನ್ನ ವಿಡಿಯೊಗಳನ್ನು "ರಿಸ್ಟ್ರಿಕ್ಟೆಡ್ ಮೋಡ್"ನಲ್ಲಿ, ಅಂದರೆ ಮಕ್ಕಳಿಗೆ ತಕ್ಕದ್ದಲ್ಲದ್ದನ್ನು ಮರೆಮಾಡುವ ಸೆಟ್ಟಿಂಗ್‌ನಲ್ಲಿ, ಮುಚ್ಚಿಟ್ಟಿದ್ದಾರೆ, ಜಾಹೀರಾತು ಕಿತ್ತುಕೊಂಡಿದ್ದಾರೆ ಅಂತ 2017ರಲ್ಲಿ ದಾವೆ ಹೂಡಿತು. ಅದೇ ವರ್ಷ ಲೈಂಗಿಕ ಅಲ್ಪಸಂಖ್ಯಾತರ ಚಾನೆಲ್‌ಗಳೂ ಅದೇ ರಿಸ್ಟ್ರಿಕ್ಟೆಡ್ ಮೋಡ್ ತಮ್ಮ ಸಾದಾ ವಿಡಿಯೊಗಳನ್ನೂ ಮುಚ್ಚುತ್ತಿದೆ ಅಂತ ಗಲಾಟೆ ಮಾಡಿದವು. ತಪ್ಪಾಗಿದೆ ಅಂತ ಯೂಟ್ಯೂಬ್ ಆಗ ಒಪ್ಪಿಕೊಂಡಿತು. 2019ರಲ್ಲಿ ಆ ಕಡೆಯ ಕೆಲವರೂ ಕೋರ್ಟಿಗೆ ಹೋದರು. ಇಬ್ಬರೂ ಗೆಲ್ಲಲಿಲ್ಲ. ಪ್ರೇಗರ್‌ಯು ಪ್ರಕರಣದಲ್ಲಿ 2020ರ ಫೆಬ್ರುವರಿಯಲ್ಲಿ ಮೇಲ್ಮನವಿ ಕೋರ್ಟ್ ಹೇಳಿದ್ದು ಇಷ್ಟು: ಯೂಟ್ಯೂಬ್ ಎಷ್ಟೇ ದೊಡ್ಡದಿರಲಿ, ಅದು ಖಾಸಗಿ ಜಾಗ. ಅಲ್ಲಿನ ಸಂವಿಧಾನದ ವಾಕ್ ಸ್ವಾತಂತ್ರ್ಯ ಕಟ್ಟಿಹಾಕುವುದು ಸರ್ಕಾರವನ್ನು, ಕಂಪನಿಯನ್ನಲ್ಲ. 2024ರ ಜುಲೈನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಯಾವ ಪೋಸ್ಟ್ ತೋರಿಸಬೇಕು, ಯಾವುದು ಬೇಡ ಅಂತ ಆರಿಸಿ ಜೋಡಿಸುವುದು ಪತ್ರಿಕೆಯ ಸಂಪಾದಕ ಮಾಡುವ ಕೆಲಸದ ಹಾಗೇ, ಅದಕ್ಕೂ ವಾಕ್ ಸ್ವಾತಂತ್ರ್ಯದ ರಕ್ಷಣೆ ಇದೆ ಅಂತ.

ನನಗೆ ಇದು ಪೂರ್ತಿ ಒಪ್ಪಿಗೆಯಿಲ್ಲ. ಪತ್ರಿಕೆಯ ಸಂಪಾದಕರ ಹೆಸರು ಪತ್ರಿಕೆಯಲ್ಲೇ ಅಚ್ಚಾಗಿರುತ್ತದೆ. ಅವರ ಒಲವು ಯಾವ ಕಡೆ ಅಂತ ಓದುಗರಿಗೆ ಗೊತ್ತು. ಎಲ್ಲರ ಮನೆಗೂ ಒಂದೇ ಮುಖಪುಟ ಬರುತ್ತದೆ, ಪಕ್ಕದ ಮನೆಯವರ ಜೊತೆ ಕೂತು ಜಗಳ ಆಡಬಹುದು. ನಿಮ್ಮ ಹೋಮ್ ಪೇಜ್ ನಿಮಗೊಬ್ಬರಿಗೇ ಅಚ್ಚಾದದ್ದು. ಅದರಲ್ಲಿ ಏನು ಬಿಟ್ಟುಹೋಗಿದೆ ಅಂತ ಹೇಳಲು ಎರಡನೇ ಪ್ರತಿಯೇ ಇಲ್ಲ.

ಸಂಶೋಧಕರು ಏನು ಕಂಡಿದ್ದಾರೆ? ಒಂದೇ ಮಾತು ಸಿಗುವುದಿಲ್ಲ. 2018, 2019ರ ಹೊತ್ತಿಗೆ ಶಿಫಾರಸಿನ ಬಾಲ ಹಿಡಿದು ಹೋದವರು ಬಿಲಕ್ಕೆ ಬೀಳುತ್ತಾರೆ, ಉಗ್ರವಾದಿಗಳಾಗುತ್ತಾರೆ ಅನ್ನುವ ಮಾತು ಎಲ್ಲೆಡೆ ಇತ್ತು. ಹಿಂದೆ ಯೂಟ್ಯೂಬ್‌ನಲ್ಲೇ ಎಂಜಿನಿಯರ್ ಆಗಿದ್ದ ಗಿಯೋಮ್ ಶಾಲೊ ಕೂಡ ಎಚ್ಚರಿಸಿದ್ದರು. ಆಮೇಲೆ 2020ರಲ್ಲಿ ಒಂದು ತಂಡದ ಸಂಶೋಧಕರು 1,181 ಅಮೆರಿಕನ್ನರ ಬ್ರೌಸರಿನಲ್ಲಿ, ಅವರ ಒಪ್ಪಿಗೆಯಿಂದ, ಸಣ್ಣ ಸಾಫ್ಟ್‌ವೇರ್ ಹಾಕಿ ನೋಡಿದರು. ಉಗ್ರ ಚಾನೆಲ್ ನೋಡುವವರು ಬಹುತೇಕ ಆ ಮನಸ್ಥಿತಿ ಮೊದಲೇ ಇದ್ದವರು. ತಾವೇ ಸಬ್‌ಸ್ಕ್ರೈಬ್ ಆಗಿದ್ದವರು, ಇಲ್ಲವೇ ಬೇರೆ ಕಡೆಯ ಲಿಂಕ್ ಒತ್ತಿ ಬಂದವರು. ಅಡ್ಡದಾರಿಗೆ ಎಳೆದದ್ದು ಶಿಫಾರಸೇ ಅನ್ನುವುದಕ್ಕೆ ಹೆಚ್ಚು ಪುರಾವೆ ಸಿಗಲಿಲ್ಲ. ಆದರೆ 2023ರಲ್ಲಿ ಒಂದು ಲಕ್ಷ ನಕಲಿ ಖಾತೆ ಮಾಡಿ ಪರೀಕ್ಷಿಸಿದ ಇನ್ನೊಂದು ತಂಡಕ್ಕೆ, ಖಾತೆ ಯಾವ ಕಡೆಯದೋ ಆ ಕಡೆಯ ವಿಡಿಯೊಗಳೇ ಹೆಚ್ಚು ಬರುವುದು ಕಂಡಿತು. ಬಲಪಂಥದ ಖಾತೆಗಳಲ್ಲಿ ಇದು ಜಾಸ್ತಿ. ಅದೇ ವರ್ಷ ಮತ್ತೊಂದು ತಂಡ ಶಿಫಾರಸು ಎಡಕ್ಕೆ ವಾಲಿದೆ ಅಂದಿತು! ನಕಲಿ ಖಾತೆ ಮನುಷ್ಯನ ಹಾಗೆ ಬೇಜಾರಾಗಿ ಆ್ಯಪ್ ಮುಚ್ಚುವುದಿಲ್ಲ, ನಿದ್ದೆಯನ್ನೂ ಮಾಡುವುದಿಲ್ಲ. ಇಂಥ ಅಧ್ಯಯನಗಳನ್ನು ಓದುವಾಗ ಇದು ತಲೆಯಲ್ಲಿರಲಿ.

ಆದರೆ ಕಂಪನಿ ಗೊತ್ತಿದ್ದೂ ತಕ್ಕಡಿ ಮುಟ್ಟಿದ ಸಂದರ್ಭ ಇದೆ. 2019ರ ಜನವರಿಯಲ್ಲಿ ಯೂಟ್ಯೂಬ್ ಹೊಸ ನೀತಿ ತಂದಿತು. ನಿಯಮ ಮುರಿಯದ, ಆದರೆ ಗೆರೆಯ ಹತ್ತಿರ ಹೋಗುವ ವಿಡಿಯೊಗಳನ್ನು ತೆಗೆಯುವುದಿಲ್ಲ, ಶಿಫಾರಸು ಕಡಿಮೆ ಮಾಡುತ್ತೇವೆ ಅಂತ. ಭೂಮಿ ಚಪ್ಪಟೆ ಅನ್ನುವುದು, ಕಾಯಿಲೆಗೆ ಪವಾಡದ ಔಷಧ ಅನ್ನುವುದು ಅವರೇ ಕೊಟ್ಟ ಉದಾಹರಣೆ. ಅದೇ ವರ್ಷದ ಕೊನೆಗೆ, ಸಬ್‌ಸ್ಕ್ರೈಬ್ ಆಗದವರು ಶಿಫಾರಸಿನಿಂದ ಇಂಥವನ್ನು ನೋಡುವ ಸಮಯ ಅಮೆರಿಕದಲ್ಲಿ ಸರಾಸರಿ 70 ಶೇಕಡ ಇಳಿದಿದೆ ಅಂತ ಕಂಪನಿಯೇ ಹೇಳಿಕೊಂಡಿತು. ಜೊತೆಗೆ ಸುದ್ದಿಯ ವಿಷಯದಲ್ಲಿ "ನಂಬಬಹುದಾದ ಮೂಲ"ಗಳನ್ನು ಮೇಲಕ್ಕೆ ತರುವುದಾಗಿಯೂ ಹೇಳಿತು.

ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಇದರಿಂದ ಎರಡು ವಿಷಯ ಗೊತ್ತಾಗುತ್ತದೆ. ಒಂದು, ಅವರು ಮನಸ್ಸು ಮಾಡಿದರೆ ಒಂದು ಬಗೆಯ ಮಾತನ್ನು ಅಳಿಸದೆಯೇ ಮುಕ್ಕಾಲು ಪಾಲು ಅಡಗಿಸಬಹುದು. ಎರಡು, ನಂಬಬಹುದಾದ ಮೂಲ ಅಂದರೆ ವ್ಯವಹಾರದಲ್ಲಿ ಹೆಚ್ಚಿನ ಸಲ ದೊಡ್ಡ ಟಿವಿ, ಹಳೆಯ ಪತ್ರಿಕೆ. ತಾಲ್ಲೂಕು ಕೇಂದ್ರದಲ್ಲಿ ಒಬ್ಬನೇ ಮೈಕ್ ಹಿಡಿದುಕೊಂಡು ಓಡಾಡುವವನಿಗೆ ಆ ಮುದ್ರೆ ಸಿಗುವುದು ಕಷ್ಟ. ನಿಮ್ಮ ಸಣ್ಣ ಚಾನೆಲ್‌ನವರನ್ನು ಕೇಳಿ ನೋಡಿ, "ರೀಚ್ ಬಿದ್ದೋಯ್ತು" ಅನ್ನುತ್ತಾರೆ. ಹಳದಿ ಡಾಲರ್ ಬಂತು ಅನ್ನುತ್ತಾರೆ, ಅಂದರೆ ವಿಡಿಯೊ ಇದೆ, ಜಾಹೀರಾತು ದುಡ್ಡು ಕಡಿಮೆ ಅಥವಾ ಇಲ್ಲ. ಕಾರಣ ಕೇಳಿದರೆ ಬರುವ ಉತ್ತರ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ.

ಈಗ ನಿಮ್ಮ ಎರಡನೇ ದೂರಿಗೆ ಬರೋಣ, ಕಾಣೆಯಾದ ವಿಡಿಯೊ. ಇಲ್ಲಿ ಊಹೆ ಮಾಡಬೇಕಿಲ್ಲ, ಪರೀಕ್ಷೆ ಮಾಡಬಹುದು. ಹುಡುಕಾಟದಲ್ಲಿ ಸಿಗಲಿಲ್ಲ ಅನ್ನುವುದು ಏನನ್ನೂ ಹೇಳುವುದಿಲ್ಲ. ಅದರ ನೇರ ಲಿಂಕ್ ಬೇಕು. ನಿಮ್ಮ ಹಿಸ್ಟರಿಯಲ್ಲೋ ಯಾವುದಾದರೂ ವಾಟ್ಸ್‌ಆ್ಯಪ್ ಗುಂಪಿನಲ್ಲೋ ಇದ್ದರೆ ಅದನ್ನು ತೆರೆಯಿರಿ. ಪರದೆಯ ಮೇಲಿನ ವಾಕ್ಯವನ್ನು ಗಮನವಿಟ್ಟು ಓದಿ. "ಪ್ರೈವೇಟ್" ಅಂತ ಬಂದರೆ ಚಾನೆಲ್‌ನವರೇ ಮುಚ್ಚಿದ್ದಾರೆ. ಅಪ್‌ಲೋಡ್ ಮಾಡಿದವರು ತೆಗೆದಿದ್ದಾರೆ ಅಂತಲೂ ಬರಬಹುದು. ಹಾಗೆ ತೆಗೆಯುವುದಕ್ಕೆ ಯಾರಾದರೂ ಲಾಯರ್ ನೋಟಿಸ್ ಕಳಿಸಿದ್ದರೆ ಅದು ಪರದೆಯಲ್ಲಿ ಕಾಣುವುದಿಲ್ಲ. ಕಾಪಿರೈಟ್ ದೂರಾದರೆ ಹಾಗಂತಲೇ ಇರುತ್ತದೆ. 90 ದಿನದೊಳಗೆ ಇಂಥ ಮೂರು ಸ್ಟ್ರೈಕ್ (ತಪ್ಪಿನ ಗುರುತು) ಬಿದ್ದರೆ ಇಡೀ ಚಾನೆಲ್ಲೇ ಹೋಗಬಹುದು, ಹಾಗಾಗಿ ಹತ್ತು ಸೆಕೆಂಡಿನ ತುಣುಕಿಗೆ ಬಂದ ಸ್ಟ್ರೈಕಿಗೂ ಸಣ್ಣವರು ನಡುಗುತ್ತಾರೆ. ಕಂಪನಿಯ ನಿಯಮ ಮೀರಿದ್ದಕ್ಕೆ ತೆಗೆದಿದ್ದರೆ ಅದೂ ಬರೆದಿರುತ್ತದೆ. 2023ರ ಕೊನೆಯ ಮೂರು ತಿಂಗಳಲ್ಲೇ ಭಾರತದಿಂದ ಹಾಕಿದ 22 ಲಕ್ಷಕ್ಕೂ ಹೆಚ್ಚು ವಿಡಿಯೊಗಳನ್ನು ಹೀಗೆ ತೆಗೆದಿದ್ದರು. ಅಷ್ಟೂ ರಾಜಕೀಯ ಅಂದುಕೊಳ್ಳಬೇಡಿ. ಹೆಚ್ಚಿನವನ್ನು ಗುರುತಿಸುವುದು ಯಂತ್ರವೇ.

ಇನ್ನೊಂದು ವಾಕ್ಯ ಇದೆ. ರಾಷ್ಟ್ರೀಯ ಭದ್ರತೆ ಅಥವಾ ಸಾರ್ವಜನಿಕ ಸುವ್ಯವಸ್ಥೆಗೆ ಸಂಬಂಧಿಸಿದ ಸರ್ಕಾರದ ಆದೇಶದ ಕಾರಣ ಈ ದೇಶದಲ್ಲಿ ಲಭ್ಯವಿಲ್ಲ, ಅನ್ನುವ ಅರ್ಥದ್ದು. ಇದು ಬಂದರೆ ನೀವು ಕೇಳಿದ ಸೆನ್ಸಾರ್ ಇದೇ. ಖಾತ್ರಿ ಮಾಡಿಕೊಳ್ಳಬೇಕಾದರೆ ದುಬೈಯಲ್ಲೋ ನ್ಯೂಜೆರ್ಸಿಯಲ್ಲೋ ಇರುವ ಹಳೆಯ ವಿದ್ಯಾರ್ಥಿ ಒಬ್ಬರಿಗೆ ಲಿಂಕ್ ಕಳಿಸಿ. ಅಲ್ಲಿ ತೆರೆದುಕೊಂಡು ಇಲ್ಲಿ ತೆರೆಯದಿದ್ದರೆ ತಡೆ ಇರುವುದು ಈ ದೇಶಕ್ಕೆ ಮಾತ್ರ.

ಇದಕ್ಕೆ ಕಾನೂನು ಐಟಿ ಕಾಯ್ದೆಯ 69ಎ ಕಲಂ. 2015ರಲ್ಲಿ ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಆನ್‌ಲೈನ್‌ನಲ್ಲಿ ಆಕ್ಷೇಪಾರ್ಹ ಮಾತು ಬರೆದರೆ ಶಿಕ್ಷೆ ಅನ್ನುತ್ತಿದ್ದ 66ಎ ಕಲಮನ್ನು ಹೊಡೆದುಹಾಕಿದರೂ 69ಎ ಉಳಿಸಿತು. ಕಾರಣವನ್ನು ಬರೆದಿಡಬೇಕು, ಆಗ ಅದನ್ನು ಕೋರ್ಟಿನಲ್ಲಿ ಪ್ರಶ್ನಿಸಬಹುದು ಅನ್ನುವುದು ಅಲ್ಲಿನ ಒಂದು ಆಧಾರ. ಆದರೆ ಈ ಕಲಮಿನ ಕೆಳಗೆ ಮಾಡಿದ 2009ರ ನಿಯಮಗಳಲ್ಲಿ 16ನೆಯದು ಈ ದೂರು, ಕ್ರಮ ಎಲ್ಲವೂ ಗುಟ್ಟಾಗಿರಬೇಕು ಅನ್ನುತ್ತದೆ. ಕಾರಣ ಬರೆದಿಟ್ಟು ಬೀರುವಿಗೆ ಬೀಗ ಹಾಕಿದರೆ ಪ್ರಶ್ನೆ ಮಾಡುವವರು ಏನನ್ನು ಓದಿ ಪ್ರಶ್ನಿಸಬೇಕು? 2023ರ ಜನವರಿಯಲ್ಲಿ ಪ್ರಧಾನಿ ಮೋದಿ ಕುರಿತ ಬಿಬಿಸಿ ಸಾಕ್ಷ್ಯಚಿತ್ರದ ಲಿಂಕ್‌ಗಳನ್ನು ಯೂಟ್ಯೂಬ್, ಟ್ವಿಟರ್‌ಗಳಲ್ಲಿ ತಡೆದದ್ದು 2021ರ ಐಟಿ ನಿಯಮಗಳ ತುರ್ತು ಅಧಿಕಾರ ಬಳಸಿ.

ಈ ಜಗಳದ ದೊಡ್ಡ ಅಧ್ಯಾಯಗಳು ನಮ್ಮ ಹೈಕೋರ್ಟಿನಲ್ಲೇ ನಡೆದಿವೆ. ಖಾತೆ ಮತ್ತು ಟ್ವೀಟ್ ತಡೆಯುವ ಆದೇಶಗಳನ್ನು ಪ್ರಶ್ನಿಸಿ ಟ್ವಿಟರ್ ಬೆಂಗಳೂರಿಗೆ ಬಂದಿತ್ತು. 2023ರ ಜೂನ್ 30ರಂದು ನ್ಯಾಯಮೂರ್ತಿ ಕೃಷ್ಣ ದೀಕ್ಷಿತ್ ಅರ್ಜಿ ವಜಾ ಮಾಡಿ 50 ಲಕ್ಷ ರೂಪಾಯಿ ದಂಡ ಹಾಕಿದರು. 2025ರ ಸೆಪ್ಟೆಂಬರ್ 24ರಂದು ಇದನ್ನು ತೆಗೆಯಿರಿ ಅಂತ ಸರ್ಕಾರಿ ಇಲಾಖೆಗಳು ಕಂಪನಿಗಳಿಗೆ ನೋಟಿಸ್ ಕಳಿಸುವ ಕೇಂದ್ರದ "ಸಹಯೋಗ್" ಪೋರ್ಟಲ್ ವಿರುದ್ಧ ಎಕ್ಸ್ (ಟ್ವಿಟರ್‌ನ ಹೊಸ ಹೆಸರು) ಹಾಕಿದ್ದ ಅರ್ಜಿಯನ್ನು ನ್ಯಾಯಮೂರ್ತಿ ಎಂ. ನಾಗಪ್ರಸನ್ನ ವಜಾ ಮಾಡಿದರು.

ಸೆನ್ಸಾರ್ ಅಂದರೆ ದೆಹಲಿಯೇ ಆಗಬೇಕಿಲ್ಲ. 2025ರ ಜುಲೈನಲ್ಲಿ ಧರ್ಮಸ್ಥಳದ ವಿಷಯ ಎಲ್ಲರ ಬಾಯಲ್ಲಿದ್ದಾಗ, ಅಲ್ಲಿನ ಆಡಳಿತದ ಕುಟುಂಬದವರ ಮಾನಹಾನಿಯಾಗುತ್ತಿದೆ ಅನ್ನುವ ದಾವೆಯಲ್ಲಿ ಬೆಂಗಳೂರಿನ ಒಂದು ಸಿವಿಲ್ ಕೋರ್ಟ್ ಏಕಪಕ್ಷೀಯ ತಡೆಯಾಜ್ಞೆ ಕೊಟ್ಟಿತು. ತೆಗೆಯಬೇಕಾದ ಲಿಂಕ್‌ಗಳ ಪಟ್ಟಿಯಲ್ಲಿದ್ದದ್ದು 8,842. ಅದರಲ್ಲಿ ಯೂಟ್ಯೂಬ್ ವಿಡಿಯೊಗಳೇ 4,140. ಇಷ್ಟನ್ನೂ ಒಂದೊಂದಾಗಿ ನೋಡಿ, ಇದು ಮಾನಹಾನಿ, ಇದು ಬರೀ ವರದಿ ಅಂತ ಬೇರೆ ಮಾಡಲು ಎಷ್ಟು ದಿನ ಬೇಕು, ನೀವೇ ಲೆಕ್ಕ ಹಾಕಿ. ಒಂದು ಕರಾವಳಿಯ ಯೂಟ್ಯೂಬ್ ಚಾನೆಲ್ ಹೈಕೋರ್ಟಿಗೆ ಹೋಯಿತು. ಆಗಸ್ಟ್ 1ರಂದು ಆ ಚಾನೆಲ್‌ಗೆ ಸಂಬಂಧಿಸಿ ಆದೇಶ ರದ್ದಾಯಿತು. ರದ್ದು ಮಾಡಿದವರೂ ನ್ಯಾಯಮೂರ್ತಿ ನಾಗಪ್ರಸನ್ನ ಅವರೇ. ಆ ಆದೇಶ ಇದ್ದ ಹೊತ್ತಿನಲ್ಲಿ ನಿಮ್ಮಂಥ ನೋಡುಗರಿಗೆ ಕಂಡದ್ದು ಇಷ್ಟೇ: ನಿನ್ನೆ ಇದ್ದ ವಿಡಿಯೊ ಇವತ್ತು ಇಲ್ಲ. ಶಿಫಾರಸಿನ ಯಂತ್ರ ಮುಚ್ಚಿತೋ, ಸರ್ಕಾರವೋ, ಕೋರ್ಟೋ, ಹೆದರಿ ಚಾನೆಲ್‌ನವರೇ ಎತ್ತಿಬಿಟ್ಟರೋ, ಮನೆಯಲ್ಲಿ ಕೂತವರಿಗೆ ಎಲ್ಲವೂ ಒಂದೇ ಥರ ಕಾಣುತ್ತದೆ.

ನನ್ನ ತಕರಾರು ಇರುವುದು ಇಲ್ಲಿಯೇ. ವಾಲುವಿಕೆಗಿಂತ ಈ ಗುಟ್ಟು ನನಗೆ ಹೆಚ್ಚು ತೊಂದರೆ ಅನಿಸುತ್ತದೆ. ಯಾರು ಮುಚ್ಚಿದರು, ಯಾಕೆ ಅಂತ ಗೊತ್ತಾಗದಿದ್ದರೆ ನಾವು ನಮಗೆ ಆಗದವರ ಹೆಸರು ಹೇಳುತ್ತೇವೆ. ನೀವು ಕಂಪನಿ ಅನ್ನುತ್ತೀರಿ, ನಿಮ್ಮ ಪಕ್ಕದ ಮನೆಯವರು ಸರ್ಕಾರ ಅನ್ನುತ್ತಾರೆ. ಕಂಪನಿಯ ನಿಯಮವೂ ಗಾಳಿ ಬಂದ ಕಡೆ ತಿರುಗುತ್ತದೆ. ಕೋವಿಡ್, ಚುನಾವಣೆ ಬಗ್ಗೆ ತಪ್ಪು ಮಾಹಿತಿ ಅಂತ ಮುಚ್ಚಿದ್ದ ಚಾನೆಲ್‌ಗಳು ಬೇಕಾದರೆ ಮರಳಿ ಬರಬಹುದು ಅಂತ 2025ರ ಸೆಪ್ಟೆಂಬರ್‌ನಲ್ಲಿ ಗೂಗಲ್‌ನವರು ಅಮೆರಿಕದ ಸಂಸತ್ತಿನ ಸಮಿತಿಗೆ ಬರೆದುಕೊಟ್ಟರು. ಹಿಂದಿನ ಬೈಡನ್ ಸರ್ಕಾರ ತಮ್ಮ ಮೇಲೆ ಒತ್ತಡ ತಂದಿತ್ತು ಅಂತಲೂ ಸೇರಿಸಿದರು. ಇದನ್ನು ಹೇಳಿದ್ದು ಸರ್ಕಾರ ಬದಲಾದ ಮೇಲೆ! ಯುರೋಪಿನಲ್ಲಿ 2023ರಿಂದ, ನಾವು ಹಿಂದೆ ನೋಡಿದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಶಿಫಾರಸು ಮಾಡುವ ಆಯ್ಕೆಯೊಂದನ್ನು ದೊಡ್ಡ ಆ್ಯಪ್‌ಗಳು ಕೊಡಲೇಬೇಕು. ನಮ್ಮಲ್ಲಿ ಅಂಥ ಕಾನೂನಿಲ್ಲ.

ಸದ್ಯಕ್ಕೆ ನಿಮ್ಮ ಕೈಯಲ್ಲಿರುವುದು ಇಷ್ಟು. ಆಟೋಪ್ಲೇ ಆಫ್ ಮಾಡಿ. ಹಿಸ್ಟರಿ ತೆರೆದು, ನೀವು ನಿಜವಾಗಿ ನೋಡದ್ದನ್ನು ಅಳಿಸಿ. ಮೊಮ್ಮಕ್ಕಳು ನಿಮ್ಮ ಫೋನಿನಲ್ಲಿ ನೋಡಿದ್ದನ್ನೂ. ಬೇಡದ ವಿಡಿಯೊಗೆ ಡಿಸ್‌ಲೈಕ್, ಅಂದರೆ ಕೆಳಮುಖದ ಹೆಬ್ಬೆರಳು ಒತ್ತುವುದು ಹೆಚ್ಚು ಕೆಲಸ ಮಾಡುವುದಿಲ್ಲ. 2022ರಲ್ಲಿ ಮೊಜಿಲ್ಲಾ ಸಂಸ್ಥೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನರ ಜೊತೆ ಪರೀಕ್ಷಿಸಿದಾಗ ಡಿಸ್‌ಲೈಕ್‌ನಿಂದ ಬೇಡದ ಶಿಫಾರಸು ಕಡಿಮೆಯಾದದ್ದು 12 ಶೇಕಡ, "ಆಸಕ್ತಿ ಇಲ್ಲ" ಒತ್ತಿದರೆ 11, ಹಿಸ್ಟರಿಯಿಂದ ತೆಗೆದರೆ 29, "ಈ ಚಾನೆಲ್ ಶಿಫಾರಸು ಮಾಡಬೇಡಿ" ಅಂದರೆ 43. ಹಾಗಾಗಿ ಕೊನೆಯದನ್ನೇ ಬಳಸಿ. ಪೂರ್ತಿ ಬೇಜಾರಾದರೆ ವಾಚ್ ಹಿಸ್ಟರಿಯನ್ನು ಅಳಿಸಿ ನಿಲ್ಲಿಸಿಬಿಡಿ. 2023ರ ಆಗಸ್ಟ್‌ನಿಂದ ಹಾಗೆ ಮಾಡಿದವರ ಹೋಮ್ ಪೇಜ್ ಖಾಲಿ ಬರುತ್ತದೆ, ಹುಡುಕುವ ಪಟ್ಟಿ ಒಂದು ಬಿಟ್ಟು. ಮೊದಲ ದಿನ ಮನೆ ಖಾಲಿ ಮಾಡಿದ ಹಾಗೆ ಅನಿಸಬಹುದು. ಸಬ್‌ಸ್ಕ್ರಿಪ್ಷನ್ಸ್ ಅನ್ನುವ ಬೇರೆ ಪುಟ ಇದೆ, ನೀವು ಆರಿಸಿದ ಚಾನೆಲ್‌ಗಳು ಮಾತ್ರ ಅಲ್ಲಿ ಹೊಸದು ಮೊದಲು ಅನ್ನುವ ಕ್ರಮದಲ್ಲಿ ಬರುತ್ತವೆ. ನಿಮ್ಮ ಸಣ್ಣ ಚಾನೆಲ್ ಅಲ್ಲಿದೆಯೇ ನೋಡಿ. ಇದ್ದರೆ ಅವರು ಎಲ್ಲೂ ಹೋಗಿಲ್ಲ, ಸಾಲಿನಲ್ಲಿ ಹಿಂದಕ್ಕೆ ಬಿದ್ದಿದ್ದಾರೆ. ಗಂಟೆಯ ಗುರುತು ಒತ್ತಿ "ಎಲ್ಲ" ಅಂತ ಆರಿಸಿ.

ಅಲ್ಲೂ ಇಲ್ಲದಿದ್ದರೆ, ಆ ಹಳೆಯ ವಿಡಿಯೊದ ಲಿಂಕ್ ತೆರೆದಾಗ ಬಂದ ವಾಕ್ಯವನ್ನು ಒಂದಕ್ಷರ ಬಿಡದೆ ಬರೆದು ಕಳಿಸಿ. ಸ್ಕ್ರೀನ್‌ಶಾಟ್ ಆದರೆ ಇನ್ನೂ ಒಳ್ಳೆಯದು. ಯಾರ ಕೈ ಅಂತ ಅದರಿಂದ ಬಹುಮಟ್ಟಿಗೆ ಹೇಳಬಹುದು.